ಹಲ್ಲಿಯ ಮೇಲೆ ಹೊರಿಸಿದ ಅಪರಾಧ

ವರ್ಷದಲ್ಲಿ ನಾಲ್ಕಾರು ಬಾರಿಯಾದರೂ ನಮ್ಮ ದಿನಪತ್ರಿಕೆಗಳ ಒಳಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಕಾಣಿಸಿಕೊಳ್ಳುತ್ತದೆ. ಮದುವೆಯ ಊಟವೋ, ವಿದ್ಯಾರ್ಥಿನಿಲಯದ ಉಪಾಹಾರವೋ, ಹೋಟೆಲಿನಿಂದ ತರಿಸಿದ ಪೊಟ್ಟಣವೋ. ಉಂಡವರಲ್ಲಿ ಹಲವರಿಗೆ ವಾಂತಿ ಭೇದಿ, ಆಸ್ಪತ್ರೆಗೆ ದಾಖಲು, ಪ್ರಾಣಾಪಾಯವಿಲ್ಲ, ಆಹಾರದಲ್ಲಿ ಹಲ್ಲಿ ಬಿದ್ದಿತ್ತೆಂದು ಶಂಕೆ. ಇಷ್ಟಕ್ಕೆ ಸುದ್ದಿ ಮುಗಿಯುತ್ತದೆ. ಮರುದಿನ ಆ ಅಡುಗೆಮನೆಯಲ್ಲಿ ಅದೇ ಪಾತ್ರೆ, ಅದೇ ಬಟ್ಟೆ, ಅದೇ ಕ್ರಮದಲ್ಲಿ ಅಡುಗೆ ಆರಂಭವಾಗುತ್ತದೆ. ಬದಲಾಗುವುದು ಒಂದೇ: ಗೋಡೆಯ ಮೇಲಿನ ಹಲ್ಲಿಗಳನ್ನು ಪೊರಕೆಯಿಂದ ಓಡಿಸಿರುತ್ತಾರೆ.

ಈ ಹಲ್ಲಿಯ ಪರವಾಗಿ ನಾನಿಂದು ವಕಾಲತ್ತು ವಹಿಸಲು ಹೊರಟಿದ್ದೇನೆ. ನಗಬೇಡಿ. ಮೂವತ್ತೆಂಟು ವರ್ಷಗಳಿಗೂ ಹಿಂದೆ ಇಂಥದೊಂದು ಪ್ರಕರಣದಲ್ಲಿ ಹಲ್ಲಿಯೇ ಅಪರಾಧಿಯೆಂದು ಸ್ವಹಸ್ತದಿಂದ ಬರೆದು ಸಹಿ ಹಾಕಿದವನು ನಾನು. ಆ ಬರಹದ ಪರಿಣಾಮವಾಗಿ ಶಿಕ್ಷೆ ಅನುಭವಿಸಿದ್ದು ಹಲ್ಲಿಯೂ ಅಲ್ಲ, ನಾನೂ ಅಲ್ಲ. ಅದನ್ನು ಮೊದಲು ನಿವೇದಿಸಿಕೊಂಡು ಮುಂದಿನ ಮಾತಿಗೆ ಬರುತ್ತೇನೆ.

ಅದು 1987ನೆಯ ಇಸವಿ. ನಾನಾಗ ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕ. ಒಂಬತ್ತನೆಯ ತರಗತಿಯ ಮಕ್ಕಳನ್ನು ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಿಗೆ ಪ್ರವಾಸ ಕರೆದೊಯ್ಯುವ ಹೊಣೆ ನನ್ನದಾಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು ಹೊರಡಬೇಕಿದ್ದುದರಿಂದ ಮಧ್ಯಾಹ್ನದ ಊಟಕ್ಕೆ ಊರಿನ ಹೋಟೆಲೊಂದರಲ್ಲಿ ಚಿತ್ರಾನ್ನಕ್ಕೆ ಹೇಳಿದ್ದೆ. ಮಾಲೀಕರು, "ಯೋಚನೆ ಬೇಡಿ ಮೇಷ್ಟ್ರೇ, ರಾತ್ರಿಯೇ ಅನ್ನ ಮಾಡಿಟ್ಟು ಬೆಳಗ್ಗೆ ಒಗ್ಗರಣೆಗೆ ಕಲಸಿ ಕೊಡುತ್ತೇವೆ" ಎಂದರು. ನನಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ರಾತ್ರಿ ಒಂಬತ್ತಕ್ಕೆ ಬಾಗಿದ ಅನ್ನ ದೊಡ್ಡ ಕೊಪ್ಪರಿಗೆಯಲ್ಲಿ ಮುಚ್ಚಳ ಹಾಕಿಕೊಂಡು ಮಲಗಿತು. ಮೂರೂವರೆಗೆ ಕಲಸಿ, ಡಬ್ಬಿಗಳಿಗೆ ತುಂಬಿ, ಬಸ್ಸಿಗೇರಿಸಿದರು. ಹಳೇಬೀಡಿನ ದೇವಾಲಯದ ಹೊರಗೆ ಮರದ ನೆರಳಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಮಕ್ಕಳು ಉಂಡರು. ರುಚಿಯಾಗಿತ್ತು, ವಾಸನೆ ಇರಲಿಲ್ಲ, ಹಳಸಿರಲಿಲ್ಲ. ಎರಡೂವರೆಗೆ ಬಸ್ಸಿನಲ್ಲಿ ಮೊದಲನೆಯ ಮಗು ವಾಂತಿ ಮಾಡಿತು. ನಾಲ್ಕು ಗಂಟೆಯೊಳಗೆ ಹದಿನೇಳು ಮಕ್ಕಳು.

ಹತ್ತಿರದ ಸರ್ಕಾರಿ ಆಸ್ಪತ್ರೆಯ ನೆಲದ ಮೇಲೆ ಸಾಲಾಗಿ ಮಲಗಿಸಿದ್ದ ಆ ಮಕ್ಕಳ ನಡುವೆ ಓಡಾಡಿದ ರಾತ್ರಿಯನ್ನು ನಾನು ವರ್ಣಿಸಲಾರೆ. ದೇವರ ದಯೆ, ವೈದ್ಯರ ಶ್ರಮ. ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಚೇತರಿಸಿಕೊಂಡರು. ಊರಿಗೆ ಮರಳಿದಾಗ ಪೋಷಕರು ಶಾಲೆಯ ಮುಂದೆ ನೆರೆದಿದ್ದರು. ಏನಾಯಿತು, ಏಕಾಯಿತು? ಯಾರೋ ಹಲ್ಲಿ ಎಂದರು. ಆ ಒಂದು ಪದ ಸಿಕ್ಕಿದ್ದೇ ತಡ, ಮಾಲೀಕರಿಗೂ ನಮಗೂ ಮುಳುಗುವವನಿಗೆ ಹುಲ್ಲುಕಡ್ಡಿ ದೊರೆತಂತಾಯಿತು. ಅನ್ನದ ಪಾತ್ರೆ ಸರಿಯಾಗಿ ಮುಚ್ಚದೆ ಬಿಟ್ಟವನು ಪಾತ್ರೆ ತೊಳೆಯುವ ಹುಡುಗ, ಹಲ್ಲಿ ಬಿದ್ದಿರಬೇಕು ಎಂದು ತೀರ್ಮಾನವಾಯಿತು. ಹಲ್ಲಿಯನ್ನು ಕಂಡವರು ಒಬ್ಬರೂ ಇರಲಿಲ್ಲ. ನಾನು ವರದಿ ಬರೆದೆ. ಹುಡುಗನನ್ನು ಕೆಲಸದಿಂದ ತೆಗೆದರು. ನನ್ನ ತರಗತಿಯ ಮಕ್ಕಳ ವಯಸ್ಸಿನವನೇ ಅವನು, ಹದಿನಾಲ್ಕೋ ಹದಿನೈದೋ. ಹೋಟೆಲುಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸುವುದಕ್ಕೆ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ. ಆಗ ಅವನ ವಯಸ್ಸನ್ನು ಕೇಳುವವರೂ ಇರಲಿಲ್ಲ, ಅವನ ಮಾತನ್ನು ಕೇಳುವವರೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟೋ ಬಾರಿ ವಿವರಿಸಿದ್ದ ನಾನು ಆ ದಿನ ಬರೆಯ ಕಬ್ಬಿಣವನ್ನು ಕೈಯಲ್ಲಿ ಹಿಡಿದಿದ್ದೆ.

ನಿವೃತ್ತನಾದ ಮೇಲೆ ಬಿಡುವು ದೊರೆತು ಓದತೊಡಗಿದಾಗ ನಿಜವಾದ ಅಪರಾಧಿ ಯಾರಿದ್ದಿರಬಹುದೆಂದು ತಿಳಿಯಿತು. ಮೊದಲಿಗೆ ಹಲ್ಲಿಯ ವಿಷಯ. ನಮ್ಮ ಮನೆಗಳ ಗೋಡೆಯ ಮೇಲಿರುವ ಹಲ್ಲಿಗೆ ವಿಷವಿಲ್ಲ. ಅದರ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳು ಇರಬಹುದು, ಆದಕಾರಣ ಅದು ಬಿದ್ದ ಆಹಾರವನ್ನು ಚೆಲ್ಲಲೇಬೇಕು. ಆದರೆ ಉಂಡ ಎರಡೇ ಗಂಟೆಯಲ್ಲಿ ಹದಿನೇಳು ಮಕ್ಕಳನ್ನು ಮಲಗಿಸುವ ವಿಷ ಅದರಲ್ಲಿಲ್ಲ.

ಆ ಶಕ್ತಿ ಇರುವುದು ಅನ್ನದಲ್ಲಿಯೇ. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿ ಮಣ್ಣಿನಲ್ಲಿ ವಾಸಿಸುತ್ತದೆ. ಅಕ್ಕಿಯೊಡನೆ ಅಡುಗೆಮನೆಗೆ ಬರುತ್ತದೆ. ಅದರ ಬೀಜಾಣುಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಅನ್ನ ಬೆಂದು, ನಿಧಾನವಾಗಿ ತಣಿಯುತ್ತ, ಉಗುರು ಬೆಚ್ಚಗೆ ಉಳಿದಾಗ ಆ ಬೀಜಾಣುಗಳು ಮೊಳೆತು, ವೃದ್ಧಿಯಾಗಿ, ವಿಷವನ್ನು ಸ್ರವಿಸುತ್ತವೆ. ಒಂದು ಸಲ ಆ ವಿಷ ಹುಟ್ಟಿತೆಂದರೆ ಒಗ್ಗರಣೆಯ ಕಾವಾಗಲಿ, ಮರಳಿ ಬಿಸಿಮಾಡುವುದಾಗಲಿ ಅದನ್ನು ನಾಶಪಡಿಸಲಾರದು. ಬಣ್ಣ ಬದಲಾಗದು, ವಾಸನೆ ಬಾರದು. ಉಂಡ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ. ನಮ್ಮ ಅನ್ನದ ಮಾದರಿಯನ್ನು ಯಾರೂ ತೆಗೆದಿಡಲಿಲ್ಲವಾದ್ದರಿಂದ ಇದೇ ಎಂದು ಪ್ರಮಾಣ ಮಾಡಲಾರೆ; ಆದರೆ ಗಂಟೆ, ಲಕ್ಷಣ, ಅನ್ನವಿಟ್ಟ ಕ್ರಮ ಎಲ್ಲವೂ ಹೊಂದುತ್ತವೆ. ಇಂಗ್ಲೆಂಡಿನ ಚೀನೀ ಹೋಟೆಲುಗಳಲ್ಲಿ ಅನ್ನವನ್ನು ಬೇಯಿಸಿ ಹೊರಗಿಟ್ಟು, ಆಮೇಲೆ ಎಣ್ಣೆಯಲ್ಲಿ ಹುರಿದು ಕೊಟ್ಟಾಗ ಗಿರಾಕಿಗಳಿಗೆ ಇದೇ ಆಗುತ್ತಿತ್ತೆಂಬುದನ್ನು 1970ರ ದಶಕದ ಮೊದಲರ್ಧದಲ್ಲಿಯೇ ಅಲ್ಲಿನ ವಿಜ್ಞಾನಿಗಳು ಕಂಡುಹಿಡಿದಿದ್ದರು. ನಮ್ಮ ಪ್ರವಾಸಕ್ಕಿಂತ ಹತ್ತು ವರ್ಷಕ್ಕೂ ಮೊದಲಿನ ಮಾತಿದು. ಅವರ ಹುರಿದ ಅನ್ನಕ್ಕೂ ನಮ್ಮ ಚಿತ್ರಾನ್ನಕ್ಕೂ ಕ್ರಮದಲ್ಲಿ ಏನು ವ್ಯತ್ಯಾಸ?

"ಅಯ್ಯೋ ಮೇಷ್ಟ್ರೇ, ತಂಗಳನ್ನ ತಿಂದೇ ಬೆಳೆದವರಲ್ಲವೇ ನಾವು?" ಎಂದು ಈಗಾಗಲೇ ಕೆಲವರು ಹುಬ್ಬೇರಿಸಿರುತ್ತೀರಿ. ಈ ವಾದಕ್ಕೆ ಉತ್ತರ ಹೇಳಲೇಬೇಕು. ಅಜ್ಜಿಯ ತಂಗಳು ಒಂದೆರಡು ಸೇರಿನದು. ಸಣ್ಣ ಮಡಕೆಯಲ್ಲಿ ಬೇಗ ತಣ್ಣಗಾಗುತ್ತಿತ್ತು. ಆಕೆ ಅದಕ್ಕೆ ನೀರನ್ನೋ ಮಜ್ಜಿಗೆಯನ್ನೋ ಹೊಯ್ದು ಹುಳಿಯೇರಿಸುತ್ತಿದ್ದಳು. ಹುಳಿಯೇರಿದಲ್ಲಿ ಈ ಜೀವಿಗಳು ಸುಲಭವಾಗಿ ಬೆಳೆಯಲಾರವು. ಹೋಟೆಲಿನ ಕೊಪ್ಪರಿಗೆಯದು ಬೇರೆ ಗಣಿತ. ಪಾತ್ರೆಯ ಅಳತೆಯನ್ನು ಎಲ್ಲ ದಿಕ್ಕಿಗೂ ಇಮ್ಮಡಿಸಿದರೆ ಶಾಖ ಹೊರಹೋಗುವ ಮೈ 4 ಪಟ್ಟಾಗುತ್ತದೆ, ಒಳಗಿನ ಅನ್ನ 8 ಪಟ್ಟಾಗುತ್ತದೆ. ಆದ್ದರಿಂದ ದೊಡ್ಡ ಪಾತ್ರೆಯ ನಡುವಿನ ಅನ್ನ ಇಡೀ ರಾತ್ರಿ ಬೆಚ್ಚಗೆಯೇ ಉಳಿಯುತ್ತದೆ. ಬೆಳಗ್ಗೆ ಹಿಂಡುವ ನಿಂಬೆಹಣ್ಣು ಅಷ್ಟು ಹೊತ್ತಿಗಾಗಲೇ ಹುಟ್ಟಿದ ವಿಷವನ್ನು ತೊಳೆಯಲಾರದು. ಈ ಲೆಕ್ಕವನ್ನು ನಾನು ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಬರೆದವನು! ಹಲಗೆಯಿಂದ ಕೊಪ್ಪರಿಗೆಯವರೆಗೆ ಅದನ್ನು ಕೊಂಡೊಯ್ಯುವ ಬುದ್ಧಿ ಮಾತ್ರ ನನಗಿರಲಿಲ್ಲ.

ನನ್ನ ಆಕ್ಷೇಪಣೆ ಇಲ್ಲಿದೆ. ನಮಗೆ ಕಣ್ಣಿಗೆ ಕಾಣುವ ಅಪರಾಧಿಯೇ ಬೇಕು. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡುಬಂದು, ಅಂಥ ಬಣ್ಣವನ್ನು ನಿಷೇಧಿಸಲಾಯಿತು. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದು ಬೆಳಕಿಗೆ ಬಂದು, ಅದಕ್ಕೂ ತಡೆ ಬಿತ್ತು. ಎರಡೂ ಸರಿಯಾದ ಕ್ರಮಗಳೇ, ನನಗೆ ಸಂತೋಷವೇ. ಬಣ್ಣ ಕೆಂಪಗೆ ಕಾಣುತ್ತದೆ, ಪ್ಲಾಸ್ಟಿಕ್ ಕೈಗೆ ಸಿಗುತ್ತದೆ, ಹಲ್ಲಿಗೆ ಬಾಲವಿದೆ. ಆದರೆ ಅನ್ನ ಎಷ್ಟು ಗಂಟೆ ಎಷ್ಟು ಬಿಸಿಯಲ್ಲಿತ್ತು ಎಂಬುದನ್ನು ಯಾವ ಛಾಯಾಗ್ರಾಹಕನೂ ಚಿತ್ರಿಸಲಾರ. ಆಹಾರದಿಂದ ಬರುವ ಕಾಯಿಲೆಗಳಲ್ಲಿ ಬಹುಪಾಲು ಹುಟ್ಟುವುದು ಕಾಲ, ಕಾವು, ಕೈ, ನೀರು ಎಂಬ ಈ ನಾಲ್ಕರಲ್ಲಿ. ಇವುಗಳನ್ನು ಬಿಟ್ಟು ಉಳಿದುದನ್ನೆಲ್ಲ ಹುಡುಕುವುದು, ಮನೆಯಲ್ಲಿ ಕಳೆದ ಸೂಜಿಯನ್ನು ಬೀದಿದೀಪದ ಕೆಳಗೆ ಹುಡುಕಿದಂತೆ.

ಕೆಲ ಕಾಲದ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಹೊಸ ಹೋಟೆಲಿಗೆ ಕರೆದ. ಹೊರಗೆ ಗ್ರಾನೈಟ್ ಮೇಜು, ಗಾಜಿನ ಬಾಗಿಲು, ಗಿರಾಕಿ ಕೈತೊಳೆಯುವಲ್ಲಿ ಕನ್ನಡಿ, ಸುವಾಸನೆಯ ದ್ರವಸಾಬೂನು. ನಾನು ಒಳಗೆ ನೋಡಬೇಕೆಂದೆ. ಅವನಿಗೆ ಸಂಕೋಚವಾಯಿತಾದರೂ ಮೇಷ್ಟ್ರ ಮಾತನ್ನು ಮೀರಲಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಎಂದು ಬರೆದರೆ ಅವನಿಗೆ ಅನ್ಯಾಯವಾದೀತು. ಅಡುಗೆಮನೆ ಗುಡಿಸಿ ಒರೆಸಿದ್ದಾಗಿತ್ತು. ಕೊಳಕು ಕಾಣಲಿಲ್ಲ. ಕಂಡದ್ದು ಕೊಳಕಲ್ಲದ ಅಪಾಯಗಳು.

ಮೂಲೆಯಲ್ಲಿ ಹಿಂದಿನ ರಾತ್ರಿಯ ಅನ್ನ, ಅದೇ ಕೊಪ್ಪರಿಗೆ, ಅದೇ ಮುಚ್ಚಳ. ಚಟ್ನಿಯ ಪಾತ್ರೆ ಬೆಳಗಿನ ಆರರಿಂದ ಹೊರಗಿತ್ತು. ಮುಗಿಯುತ್ತ ಬಂದಂತೆ ಹಳೆಯದರ ಮೇಲೆಯೇ ಹೊಸದನ್ನು ಸುರಿಯುತ್ತಿದ್ದರು. ಹಾಗೆ ಸುರಿದರೆ ಮೊಸರಿಗೆ ಹೆಪ್ಪು ಹಾಕಿದಂತೆಯೇ ಅಲ್ಲವೇ? ಮೇಜು, ಕತ್ತರಿಸುವ ಹಲಗೆ, ತಟ್ಟೆ, ಕೈ, ಇವೆಲ್ಲಕ್ಕೂ ಒಂದೇ ಒದ್ದೆ ಬಟ್ಟೆ; ಶುಚಿಗೊಳಿಸುತ್ತೇವೆಂಬ ಭ್ರಮೆಯಲ್ಲಿ ರೋಗಾಣುಗಳಿಗೆ ಊರೂರು ಸುತ್ತಿಸುವ ವಾಹನವದು. ತಂಗಳುಪೆಟ್ಟಿಗೆಯ ಮೇಲಿನ ಅಂಕಣದಲ್ಲಿ ತೊಳೆಯದ ಕೊತ್ತಂಬರಿಸೊಪ್ಪು, ಕೆಳಗೆ ತೆರೆದ ಮೊಸರು ಮತ್ತು ಹೆಚ್ಚಿದ ಹಣ್ಣು. ಮಾಂಸದ ಹೋಟೆಲಾಗಿದ್ದರೆ ಮೇಲೆ ಹಸಿಕೋಳಿ ಇರುತ್ತಿತ್ತೇನೋ. ಒಳಗಿನ ನಲ್ಲಿಯ ಬಳಿ ಸಾಬೂನೇ ಇರಲಿಲ್ಲ.

ಪರಿಹಾರ ಯಾವುದೂ ದುಬಾರಿಯಲ್ಲ. ಚಿತ್ರಾನ್ನದ ಅನ್ನವನ್ನು ಬೆಳಗ್ಗೆಯೇ ಮಾಡುವುದು. ಉಳಿದ ಅನ್ನವನ್ನು ಇಡಲೇಬೇಕಿದ್ದರೆ ಎರಡಂಗುಲಕ್ಕಿಂತ ದಪ್ಪವಿಲ್ಲದಂತೆ ಅಗಲವಾದ ತಟ್ಟೆಗಳಲ್ಲಿ ಹರಡಿ, ಬೇಗ ಆರಿಸಿ, ಎರಡು ಗಂಟೆಯೊಳಗೆ ತಂಗಳುಪೆಟ್ಟಿಗೆಗೆ ಸೇರಿಸುವುದು. ಬಿಸಿಯಾಗಿ ಬಡಿಸುವುದು 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿರಬೇಕು, ತಣ್ಣಗೆ ಇಡುವುದು 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ವಲಯದಲ್ಲಿ ಗಡಿಯಾರ ಓಡುತ್ತಿರುತ್ತದೆಂದು ತಿಳಿಯಬೇಕು. ಚಟ್ನಿಯನ್ನು ಸಣ್ಣ ಪಾತ್ರೆಗಳಲ್ಲಿ ಆಗಾಗ್ಗೆ ರುಬ್ಬಿ, ಎರಡು ಗಂಟೆಗೊಮ್ಮೆ ಪಾತ್ರೆಯನ್ನೇ ಬದಲಿಸುವುದು. ಬೇಯದದ್ದು ಕೆಳಗೆ, ಬೆಂದದ್ದು ಮೇಲೆ. ಬಟ್ಟೆಗಳು ಬೇರೆಬೇರೆ, ದಿನವೂ ಕುದಿಸಿ ಒಣಗಿಸಿದ್ದು. ತೊಟ್ಟಿಯನ್ನು ತೊಳೆದ ದಿನಾಂಕವನ್ನು ಗೋಡೆಯ ಮೇಲೆ ಬರೆಯುವುದು. ಕೆಲವು ನೂರು ರೂಪಾಯಿಗೆ ಚುಚ್ಚಿ ನೋಡುವ ಉಷ್ಣಮಾಪಕ ಸಿಗುತ್ತದೆ. ಅದು ಸರಿಯಿದೆಯೇ ಎಂದು ತಿಳಿಯಲು ಪುಡಿಮಾಡಿದ ಮಂಜುಗಡ್ಡೆಯ ನೀರಿನಲ್ಲಿ ಅದ್ದಿ, 0 ತೋರಿಸಬೇಕು. ಆ ಪಾಠವನ್ನು ಏಳನೆಯ ತರಗತಿಯ ಮಕ್ಕಳೂ ಮಾಡಬಲ್ಲರು.

ನನ್ನ ವಿದ್ಯಾರ್ಥಿ ಎಲ್ಲವನ್ನೂ ಬರೆದುಕೊಂಡು, ಕೊನೆಗೆ ನಿಟ್ಟುಸಿರಿಟ್ಟು ಹೇಳಿದ: "ಏನು ಮಾಡಿದರೂ ಈ ಕೆಲಸದ ಹುಡುಗರಿಗೆ ಶುಚಿತ್ವ ಬರುವುದಿಲ್ಲ ಸಾರ್." ನನಗೆ ಕೋಪ ಬಂದದ್ದು ಆಗ. ಗಿರಾಕಿಗೆ ಸುವಾಸನೆಯ ಸಾಬೂನು, ಅವನ ಊಟವನ್ನು ಕಲಸುವ ಕೈಗೆ ಬರಿಯ ನೀರು. ಶೌಚಾಲಯಕ್ಕೆ ಹೋಗಬೇಕೆಂದರೆ ಬಸ್‌ನಿಲ್ದಾಣಕ್ಕೆ ಓಡಬೇಕು. ಭೇದಿಯಾಗಿದೆಯೆಂದು ಒಂದು ದಿನ ಮಲಗಿದರೆ ಆ ದಿನದ ಕೂಲಿಯಿಲ್ಲ. ಬೆರಳಿನ ಗಾಯದ ಕೀವಿನಲ್ಲಿರುವ ಸ್ಟೆಫಿಲೊಕಾಕಸ್ ಕೂಡ ಅನ್ನದ ಜೀವಿಯಂತೆಯೇ ಬಿಸಿಗೆ ಬಗ್ಗದ ವಿಷವನ್ನು ಬಿಡುತ್ತದೆಂದು ಅವನಿಗೆ ಯಾರು ಹೇಳಿದ್ದಾರೆ? ಹೇಳಿದರೂ, ಮನೆಗೆ ದುಡ್ಡು ಕಳಿಸಬೇಕಾದವನು ಗಾಯವನ್ನು ತೋರಿಸುತ್ತಾನೆಯೇ, ಬಚ್ಚಿಡುತ್ತಾನೆಯೇ?

ಅಮೆರಿಕದ ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯಾಕೆ ಇದ್ದಳು. ತಾನು ಆರೋಗ್ಯವಾಗಿದ್ದೂ ಟೈಫಾಯ್ಡ್ ರೋಗಾಣುವನ್ನು ಹೊತ್ತವಳು. 1907ರಲ್ಲಿ ಆಕೆಯನ್ನು ಹಿಡಿದು ಪ್ರತ್ಯೇಕವಾಗಿಟ್ಟರು. ಇನ್ನು ಅಡುಗೆ ಮಾಡುವುದಿಲ್ಲವೆಂಬ ಮಾತಿನ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಸಂಬಳ ಕಡಿಮೆ. ಆಕೆ ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಮನೆ ಸೇರಿದಳು. 1915ರಲ್ಲಿ ಹೆರಿಗೆ ಆಸ್ಪತ್ರೆಯೊಂದರಲ್ಲಿ ಟೈಫಾಯ್ಡ್ ಹಬ್ಬಿದಾಗ ಮತ್ತೆ ಸಿಕ್ಕಿಬಿದ್ದು, 1938ರಲ್ಲಿ ಸಾಯುವವರೆಗೂ ಬಂಧನದಲ್ಲಿಯೇ ಕಳೆದಳು. ಆಕೆಯದು ತಪ್ಪಿಲ್ಲವೆನ್ನಲಾರೆ. ಆದರೆ ರೋಗಿಗೆ ಬೇರೆ ಅನ್ನದ ದಾರಿ ತೋರಿಸದೆ ಬರಿಯ ನಿಷೇಧ ವಿಧಿಸಿದರೆ ರೋಗ ಅಡುಗೆಮನೆಗೇ ಮರಳುತ್ತದೆ. ಕಾಯಿಲೆಯ ದಿನ ಕೂಲಿ ಸಹಿತ ರಜೆ ಕೊಡುವುದು ಮಾಲೀಕನ ಔದಾರ್ಯವಲ್ಲ. ಅದು ಗಿರಾಕಿಯ ಆರೋಗ್ಯಕ್ಕೆ ಸಲ್ಲಬೇಕಾದ ವೆಚ್ಚ.

ಕೆಲಸಗಾರರ ಮಾತಿಗೆ ಬೆಲೆಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅಧ್ಯಾಪಕನಾದ ನಾನು ಮರೆಯಲಾರದ ಉದಾಹರಣೆ ಇನ್ನೊಂದಿದೆ. ಅದು ಹೋಟೆಲಲ್ಲ, ಶಾಲೆಯ ಬಿಸಿಯೂಟದ ಅಡುಗೆ. ಆದರೆ ಪಾಠ ಒಂದೇ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯ ಶಾಲೆಯೊಂದರಲ್ಲಿ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವಿತ್ತು. ಎಣ್ಣೆ ಸರಿಯಿಲ್ಲವೆಂದು ಅಡುಗೆಯಾಕೆ ಸಂಶಯಪಟ್ಟಿದ್ದಳೆಂದು ಅಂದಿನ ವರದಿಗಳು ಹೇಳುತ್ತವೆ. ಮುಖ್ಯಶಿಕ್ಷಕಿಗೆ 2016ರಲ್ಲಿ ಶಿಕ್ಷೆಯಾಯಿತು. ಫಿನಾಯಿಲನ್ನು ನೀರಿನ ಬಾಟಲಿಯಲ್ಲಿ, ಇಲಿಪಾಷಾಣವನ್ನು ಮಸಾಲೆಯ ಪಕ್ಕದಲ್ಲಿ ಇಡುವ ಎಷ್ಟು ಅಡುಗೆಮನೆಗಳು ನಮ್ಮಲ್ಲಿಲ್ಲ? ರಾಸಾಯನಿಕಗಳಿಗೆ ಬೇರೆ ಕಪಾಟು, ಅದಕ್ಕೊಂದು ಬೀಗ, ಪ್ರತಿ ಡಬ್ಬಿಗೂ ಹೆಸರಿನ ಚೀಟಿ. ಮತ್ತು ಎಲ್ಲಕ್ಕಿಂತ ಮಿಗಿಲಾಗಿ, "ಇದು ಸರಿಯಿಲ್ಲ, ಬಡಿಸಬಾರದು" ಎಂದು ಹೇಳುವ ಹಕ್ಕು ಅತ್ಯಂತ ಕೆಳಗಿನ ಕೆಲಸಗಾರನಿಗೂ ಇರಬೇಕು.

ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. 1954ರ ಕಲಬೆರಕೆ ತಡೆ ಕಾಯಿದೆಯ ಜಾಗದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2011ರ ಆಗಸ್ಟಿನಿಂದ ಜಾರಿಯಲ್ಲಿದೆ. ಅದರ ನಿಯಮಾವಳಿಯ ನಾಲ್ಕನೆಯ ಅನುಸೂಚಿಯಲ್ಲಿ ನೀರು, ಕೈತೊಳೆಯುವ ವ್ಯವಸ್ಥೆ, ತಾಪಮಾನ, ಕೆಲಸಗಾರರ ವಾರ್ಷಿಕ ವೈದ್ಯಪರೀಕ್ಷೆ ಎಲ್ಲವೂ ಇವೆ. ಅಶುಚಿಯಾಗಿ ಆಹಾರ ತಯಾರಿಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಪರವಾನಗಿಯ ಹಾಳೆ ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಪಟದ ಪಕ್ಕ ಚೌಕಟ್ಟಿನಲ್ಲಿ ತೂಗುತ್ತಿರುತ್ತದೆ. ಅದರಲ್ಲಿ ಬರೆದದ್ದು ಮಾತ್ರ ಅಡುಗೆಮನೆಯ ಹೊಸಿಲು ದಾಟುವುದಿಲ್ಲ.

ಮಾಲೀಕರನ್ನಷ್ಟೇ ದೂರಿ ನಾವು ಗಿರಾಕಿಗಳು ಪಾರಾಗುವಂತಿಲ್ಲ. ಇಡ್ಲಿಗೆ ಎರಡು ರೂಪಾಯಿ ಹೆಚ್ಚಾದರೆ ಗಲಾಟೆ ಮಾಡುವ ನಾವು, ಈ ಅನ್ನ ಯಾವಾಗ ಮಾಡಿದ್ದೆಂದು ಒಂದು ದಿನವಾದರೂ ಕೇಳಿದ್ದೇವೆಯೇ? ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವಾಗ ಎಷ್ಟು ಬಗೆಯ ಸಿಹಿ ಎಂದು ವಿಚಾರಿಸುತ್ತೇವೆ. ಪಾಯಸ ಎಷ್ಟು ಹೊತ್ತು ಹೊರಗಿರುತ್ತದೆಂದು ವಿಚಾರಿಸುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆ ಮನೆಯೂಟದ ಕಾಲದ್ದು. ಇಂದು ನಮ್ಮ ಊಟವನ್ನು ಬಲ್ಲವರು ಬೇರೆಯವರು. ಅವರು ಬಲ್ಲರೇ ಎಂದು ಕೇಳುವ ಕರ್ತವ್ಯ ನಮ್ಮದು.

ನನ್ನ ವಿದ್ಯಾರ್ಥಿ ಒಳಗಿನ ನಲ್ಲಿಗೆ ಸಾಬೂನಿಟ್ಟಿದ್ದಾನೆ. ರಾತ್ರಿಯ ಅನ್ನದ ಪದ್ಧತಿಯನ್ನು ನಿಲ್ಲಿಸಿದ್ದಾನೆ. ಕಾಯಿಲೆಯ ರಜೆಗೆ ಅರ್ಧ ಕೂಲಿ ಕೊಡುವುದಾಗಿ ಒಪ್ಪಿದ್ದಾನೆ. ಉಳಿದರ್ಧಕ್ಕೆ ನನ್ನ ಜಗಳ ಮುಂದುವರಿದಿದೆ.

1987ರ ಆ ಹುಡುಗ ಈಗ ಐವತ್ತು ದಾಟಿರಬೇಕು. ಅವನ ಹೆಸರನ್ನು ಆ ವರದಿಯಲ್ಲಿ ನಾನು ಬರೆದಿರಲಿಲ್ಲ. "ಕೆಲಸದ ಹುಡುಗನ ನಿರ್ಲಕ್ಷ್ಯ" ಎಂದಷ್ಟೇ ಬರೆದಿದ್ದೆ. ಹೆಸರು ಕೇಳಿಯೇ ಇರಲಿಲ್ಲ, ಹಾಗಾಗಿ ಹುಡುಕಲೂ ದಾರಿಯಿಲ್ಲ. ರಾತ್ರಿಯ ಅನ್ನಕ್ಕೆ ಒಪ್ಪಿಗೆ ಕೊಟ್ಟವನು ನಾನು. ನಿರ್ಲಕ್ಷ್ಯ ನನ್ನದು. ಮುಂದಿನ ಸಲ ಪತ್ರಿಕೆಯಲ್ಲಿ ಹಲ್ಲಿಯ ಸುದ್ದಿ ಓದಿದಾಗ, ಮಿತ್ರರೆ, ದಯವಿಟ್ಟು ಒಂದು ಪ್ರಶ್ನೆ ಕೇಳಿ: ಆ ಊಟವನ್ನು ಎಷ್ಟು ಗಂಟೆಗೆ ಬೇಯಿಸಿ, ಎಷ್ಟು ಗಂಟೆಗೆ ಬಡಿಸಿದರು?